ಬೆಂಗಳೂರಲ್ಲಿ ಮನೆ ಎಲ್ಲಿ ಮಾಡೋದು?

ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟಾಗಿನಿಂದ ಜೂನ್ ಮೊದಲ ವಾರದವರೆಗೆ ಬೆಂಗಳೂರಿನ ಯಾವ ಅಡ್ಡರಸ್ತೆಗೆ ಹೋದರೂ ಸಾಮಾನು ತುಂಬಿದ ಟಾಟಾ ಏಸ್ ಒಂದು ಎದುರಾಗುತ್ತದೆ. ಬಿಚ್ಚಿದ ಮಂಚದ ಹಲಗೆ, ವಾಷಿಂಗ್ ಮೆಷಿನ್, ಗ್ಯಾಸ್ ಸಿಲಿಂಡರ್, ಹಗ್ಗ ಬಿಗಿದ ಹಾಸಿಗೆ ಸುರುಳಿ, ಮೂಲೆಯಲ್ಲಿ ತುಳಸಿ ಕುಂಡ. ಅಗ್ರಿಮೆಂಟ್ ಮುಗಿದವರು, ವರ್ಗವಾದವರು, ಮಗುವಿಗೆ ಸೀಟು ಸಿಕ್ಕ ಕಡೆಗೆ ಹೊರಟವರು, ಊರಿಂದ ಈಗಷ್ಟೇ ಬಂದಿಳಿದವರು. ಆ ದಿನಗಳಲ್ಲಿ ನನ್ನ ಫೋನಿಗೂ ದಾವಣಗೆರೆ, ಗದಗ, ಶಿವಮೊಗ್ಗದ ಕಡೆಯಿಂದ ಕರೆಗಳು ಬರುತ್ತವೆ. ‘ಮಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ತು. ಮನೆ ಯಾವ ಏರಿಯಾದಲ್ಲಿ ಮಾಡಿದ್ರೆ ಒಳ್ಳೇದು?’

ಎಲ್ಲರಿಗೂ ಒಪ್ಪುವ ಏರಿಯಾ ಅಂತ ಒಂದಿಲ್ಲ. ಆದರೆ ಇಷ್ಟು ವರ್ಷ ಈ ಊರಿನಲ್ಲಿ ಬಾಡಿಗೆ ಮನೆಗಳನ್ನು ನೋಡಿ, ನೋಡಿಸಿ, ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ. ಬೆಂಗಳೂರಿನಲ್ಲಿ ಒಂದು ಬಡಾವಣೆ ಹುಟ್ಟಿದ ರೀತಿಯೇ ಅಲ್ಲಿ ನೀವು ದಿನ ದೂಡುವ ರೀತಿಯನ್ನು ಮುಕ್ಕಾಲು ಪಾಲು ತೀರ್ಮಾನಿಸಿರುತ್ತದೆ. ಅದನ್ನು ಯಾರು ಕಟ್ಟಿದರು, ಯಾವಾಗ ಕಟ್ಟಿದರು, ದಿಬ್ಬದ ಮೇಲೋ ತಗ್ಗಿನಲ್ಲೋ, ಪೈಪು ಮೊದಲು ಬಂತೋ ಮನೆ ಮೊದಲು ಬಂತೋ. ಟೈಲ್ಸು, ವಾರ್ಡ್‌ರೋಬು, ಬಾಲ್ಕನಿ ನೋಡಿ ಮನಸೋಲುವ ಮೊದಲು ಇಷ್ಟನ್ನು ವಿಚಾರಿಸಿಕೊಂಡರೆ ಮುಂದಿನ ಎಷ್ಟೋ ಸಂಕಟ ತಪ್ಪುತ್ತದೆ.

ಬಡಾವಣೆಗಳ ಜಾತಕ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿಯಿತು. ಗಾಳಿ ಬೆಳಕಿಲ್ಲದ ಪೇಟೆಯ ಗಲ್ಲಿಗಳಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟು ಹೊರಟರು. ಬಸವನಗುಡಿ ಮತ್ತು ಮಲ್ಲೇಶ್ವರ ತುಂಬಿಕೊಂಡಿದ್ದು ಆ ಭಯದ ಕಾಲದಲ್ಲಿ. ಅಲ್ಲಿನ ರಸ್ತೆಗಳು ನೇರಕ್ಕಿರುವುದು, ಹಳೆಯ ಮನೆಗಳ ಹಿಂಬದಿಗೆ ಕಸ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ ಇರುವುದು, ನಡೆದು ಹೋಗುವಷ್ಟು ದೂರದಲ್ಲೇ ಮಾರುಕಟ್ಟೆ, ದೇವಸ್ಥಾನ, ಪಾರ್ಕು ಸಿಗುವುದು ಎಲ್ಲಕ್ಕೂ ಆ ಕಾಲದ ಯೋಚನೆಯೇ ಕಾರಣ. ಇವತ್ತಿಗೂ ಅಲ್ಲಿ ಬಾಡಿಗೆಗೆ ಹೋದವರು ಹೂವಿಗೆ, ತರಕಾರಿಗೆ, ಮಾತ್ರೆಗೆ ಗಾಡಿ ತೆಗೆಯುವುದಿಲ್ಲ. ಪ್ಲೇಗಿಗೆ ಹೆದರಿದ ಮೈಸೂರು ಸರ್ಕಾರದ ಆ ನಕ್ಷೆ ನೂರಿಪ್ಪತ್ತು ವರ್ಷ ದಾಟಿಯೂ ಜನರ ಮೊಣಕಾಲನ್ನು ಕಾಯುತ್ತಿದೆ.

1945ರಲ್ಲಿ ಸಿಐಟಿಬಿ, ಅಂದರೆ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಬಂತು. 1948ರಲ್ಲಿ ರಾಜಾಜಿಯವರು ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಬ್ಲಾಕು, ಬ್ಲಾಕಿಗೊಂದು ಮೈದಾನ, ನಡುವೆ ದೊಡ್ಡ ಮಾರುಕಟ್ಟೆ ಸಂಕೀರ್ಣ, ಮರಗಳಿಗೆ ಜಾಗ ಬಿಟ್ಟ ರಸ್ತೆಗಳು. 1976ರಲ್ಲಿ ಸಿಐಟಿಬಿ ಜಾಗಕ್ಕೆ ಬಿಡಿಎ ಬಂದು ಬನಶಂಕರಿಯ ಹೊಸ ಹಂತಗಳು, ಎಚ್‌ಎಸ್‌ಆರ್ ಬಡಾವಣೆಯಂಥವು ಎದ್ದವು. ಇನ್ನೊಂದು ಕಡೆ ಕಾರ್ಖಾನೆಗಳು ತಮ್ಮದೇ ಊರುಗಳನ್ನು ಕಟ್ಟಿಕೊಂಡವು. 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್. ವಿಮಾನಪುರ, ದೂರವಾಣಿನಗರ, ಜಾಲಹಳ್ಳಿಯ ಕಡೆ ಇವತ್ತಿಗೂ ಹಳೆಯ ಬಸ್ಸು, ಹಳೆಯ ಶಾಲೆ, ನಾಟಕ ಸಂಘ, ಗಣೇಶೋತ್ಸವದ ಮೈದಾನ ಉಳಿದಿರುವುದು ಪಾಳಿಯ ಸೈರನ್ ಹೊಡೆಯುತ್ತಿದ್ದ ಆ ದಿನಗಳ ಕೊಡುಗೆ.

ಇವು ಸರ್ಕಾರವೋ ಕಾರ್ಖಾನೆಯೋ ಮೊದಲು ನಕ್ಷೆ ಬರೆದು ಆಮೇಲೆ ಮನೆ ಕಟ್ಟಿದ ಜಾಗಗಳು. ಬೆಂಗಳೂರಿನ ಬಹುಪಾಲು ಜನ ಇರುವುದು ಇಂಥ ಕಡೆ ಅಲ್ಲ. ಹೊಲವನ್ನು 20x30, 30x40 ಅಂತ ಸೈಟುಗಳಾಗಿ ತುಂಡರಿಸಿ ಮಾರಿದ ರೆವಿನ್ಯೂ ಬಡಾವಣೆಗಳಲ್ಲಿ ಮೊದಲು ಬಂದಿದ್ದು ಮನೆ. ಆಮೇಲೆ ಕರೆಂಟು. ಅದಾಗಿ ಎಷ್ಟೋ ವರ್ಷಕ್ಕೆ ರಸ್ತೆ. ಚರಂಡಿ ಮತ್ತು ಕಾವೇರಿ ನೀರು ಎಲ್ಲಕ್ಕೂ ಕೊನೆಗೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ಸುತ್ತಲಿನ 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ಇವೆಲ್ಲ ಕಾಗದದ ಮೇಲೆ ನಗರವಾದವು. 2025ರಲ್ಲಿ ಬಿಬಿಎಂಪಿಯೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳಾದವು. ಬೋರ್ಡು ಬದಲಾಗಿದೆ, ರಸ್ತೆಯ ಅಗಲ ಬದಲಾಗಿಲ್ಲ. ಅಲ್ಲಿ ಬಾಳುವ ಲಕ್ಷಾಂತರ ಕುಟುಂಬಗಳ ಬಗ್ಗೆ ನನಗೆ ಗೌರವವಿದೆ. ಯಾರೂ ಕೊಡದ ಮನೆಯನ್ನು ತಾವೇ ಕಟ್ಟಿಕೊಂಡವರು ಅವರು. ಆದರೆ ಬಾಡಿಗೆಗೆ ಹೋಗುವವರು, ‘ಇಷ್ಟು ಒಳ್ಳೆ ಮನೆ ಇಷ್ಟು ಕಮ್ಮಿಗೆ ಯಾಕೆ?’ ಎಂದು ಒಮ್ಮೆ ನಿಂತು ಕೇಳಬೇಕು.

ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಕಡೆ ಎದ್ದ ಗೇಟಿನೊಳಗಿನ ಅಪಾರ್ಟ್‌ಮೆಂಟುಗಳು ಮೂರನೇ ಜಾತಿ. ಈಜುಕೊಳ, ಜಿಮ್ಮು, ಕಾವಲು ಎಲ್ಲ ಒಳಗಿವೆ. ಗೇಟು ದಾಟಿದರೆ ನಡೆಯಲು ಫುಟ್‌ಪಾತ್ ಇಲ್ಲ.

ನೀರು ಎಲ್ಲಿಂದ ಬರುತ್ತೆ?

ಬೆಂಗಳೂರಿಗೆ ತನ್ನದು ಅಂತ ಹೇಳಿಕೊಳ್ಳುವ ದೊಡ್ಡ ಹೊಳೆಯಿಲ್ಲ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಹಂತಹಂತವಾಗಿ ಪಂಪು ಮಾಡಿ, ಹೆಚ್ಚುಕಡಿಮೆ ಅರ್ಧ ಕಿ.ಮೀ. ಎತ್ತರಕ್ಕೆ ಏರಿಸಿ ತರುತ್ತಾರೆ. ಮೊದಲ ಹಂತದ ನೀರು ಬಂದಿದ್ದು 1974ರಲ್ಲಿ. ಐದನೇ ಹಂತ ಲೋಕಾರ್ಪಣೆಯಾಗಿದ್ದು 2024ರ ಅಕ್ಟೋಬರಿನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್, ಮುಖ್ಯವಾಗಿ ಆ 110 ಹಳ್ಳಿಗಳಿಗೆ. ಹಳ್ಳಿಗಳು ನಗರಕ್ಕೆ ಸೇರಿ ಹದಿನೇಳು ವರ್ಷವಾದ ಮೇಲೆ. ರಸ್ತೆಯಲ್ಲಿ ಪೈಪು ಹೋಗಿದೆ ಅಂದ ಮಾತ್ರಕ್ಕೆ ನಲ್ಲಿಯಲ್ಲಿ ಕಾವೇರಿ ಬರುವುದೂ ಇಲ್ಲ. ಮಾಲೀಕರು ದುಡ್ಡು ಕಟ್ಟಿ ಸಂಪರ್ಕ ಪಡೆದಿರಬೇಕು. ‘ಏರಿಯಾಕ್ಕೆ ಕಾವೇರಿ ಬಂದಿದೆ ಸರ್’ ಎಂದು ಬ್ರೋಕರ್ ಹೇಳಿದರೆ, ‘ಈ ಮನೆಗೆ ಬಂದಿದೆಯಾ, ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು?’ ಎಂದು ಕೇಳಬೇಕು.

ನನ್ನ ತಂಗಿಯ ಮಗಳು ಮತ್ತು ಅವಳ ಗಂಡ ದಾವಣಗೆರೆಯಿಂದ ಬಂದಾಗ ವೈಟ್‌ಫೀಲ್ಡ್ ಕಡೆ ಒಂದು ಮನೆ ನೋಡಲು ಹೋಗಿದ್ದೆವು. ಅವಳ ಕೆಲಸ ಐಟಿಪಿಎಲ್‌ನಲ್ಲಿ, ಅವನದು ಪೀಣ್ಯದಲ್ಲಿ. ಮೂರನೇ ಮಹಡಿ, ಎರಡು ರೂಮು, ಹೊಸ ಕಟ್ಟಡ, ಸುಣ್ಣಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮನೆ ತೋರಿಸಲು ಬಂದ ಹುಡುಗ, ‘ನೀರಿಗೆ ಏನೂ ತೊಂದ್ರೆ ಇಲ್ಲ ಸರ್, ಇಪ್ಪತ್ನಾಲ್ಕು ಗಂಟೆ ಬರುತ್ತೆ’ ಅಂದ.

‘ಎಲ್ಲಿಂದ ಬರುತ್ತೆ?’

‘ಬೋರಿದೆ ಸರ್. ಸಾಲ್ದೆ ಹೋದ್ರೆ ಟ್ಯಾಂಕರ್ ಹಾಕಿಸ್ತೀವಿ.’

‘ಟ್ಯಾಂಕರ್ ದುಡ್ಡು?’

‘ಅದು ಎಲ್ಲ ಮನೆಯವರಿಗೂ ಡಿವೈಡ್ ಆಗುತ್ತೆ.’

ಅಷ್ಟರಲ್ಲಿ ಹುಡುಗಿ ಬಚ್ಚಲಿಗೆ ಹೋಗಿ ಶವರ್ ನೋಡಿ ಬಂದಿದ್ದಳು. ಹಿಂದಿನ ಬಾಡಿಗೆಯವರು ಇದ್ದಿದ್ದು ಒಂದೇ ವರ್ಷವಂತೆ. ಶವರಿನ ಅರ್ಧ ತೂತುಗಳು ಬಿಳಿ ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು. ನಲ್ಲಿಯ ಬುಡದಲ್ಲಿ ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುವಷ್ಟು ಪದರ. ಅವಳು ಒಂದು ಗುಟುಕು ಬಾಯಿಗೆ ಹಾಕಿ ಉಗುಳಿ, ‘ಇದ್ರಾಗೆ ಬ್ಯಾಳೆ ಬೇಯಲ್ಲ ಬಿಡು ಮಾಮ’ ಅಂದಳು. ಕೆಳಗಿಳಿದು ಬರುವಾಗ ನೆಲಮಹಡಿಯ ಹೆಂಗಸೊಬ್ಬರು ಬಟ್ಟೆ ಒಣಹಾಕುತ್ತಿದ್ದರು. ‘ಅಕ್ಕ, ಬೇಸಿಗೇಲಿ ನೀರು ಹೆಂಗೆ?’ ಎಂದು ಇವಳು ಕೇಳಿದ್ದೇ ತಡ, ಅವರು ಬಕೆಟ್ ಕೆಳಗಿಟ್ಟರು. ‘ಮಾರ್ಚ್ ಬಂದ್ರೆ ಲೆಕ್ಕ ಇಟ್ಕೊಂಡು ಸ್ನಾನ ಮಾಡ್ಬೇಕಮ್ಮ. ಬಾಡಿಗೆ ಕಟ್ಟೋದು ಒಂದು ಕಷ್ಟ, ಟ್ಯಾಂಕರ್ ಕಾಯೋದು ಇನ್ನೊಂದು.’

ಆ ಮಾರ್ಚ್ ಎಂಥದ್ದು ಎನ್ನುವುದು 2024ರಲ್ಲಿ ಇಡೀ ನಗರಕ್ಕೆ ಗೊತ್ತಾಯಿತು. ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರ್ ದರಕ್ಕೆ ಮೂಗುದಾರ ಹಾಕಲು 5 ಕಿ.ಮೀ. ಒಳಗೆ 12 ಸಾವಿರ ಲೀಟರಿಗೆ ಸಾವಿರ ರೂಪಾಯಿ ಎಂದು ಬೆಲೆ ಗೊತ್ತುಮಾಡಬೇಕಾಯಿತು. ಹಳೆಯ ಬಡಾವಣೆಗಳಲ್ಲಿ ದಿನ ಬಿಟ್ಟು ದಿನವಾದರೂ ಸಂಪಿಗೆ ಕಾವೇರಿ ಬೀಳುತ್ತಿದ್ದಾಗ, ಕೋಟಿ ಬೆಲೆಯ ಫ್ಲ್ಯಾಟುಗಳಲ್ಲಿದ್ದವರು ಬಿಸಾಡುವ ತಟ್ಟೆಯಲ್ಲಿ ಉಂಡರು.

ಹಾಗಾಗಿ ನಾನು ಕೊಡುವ ಸಲಹೆ ಒಂದೇ. ನೀರಿನ ಬಗ್ಗೆ ಮನೆ ತೋರಿಸುವವರನ್ನು ಕೇಳಬೇಡಿ. ಬೀದಿ ಕೊನೆಯ ಇಸ್ತ್ರಿಯವರನ್ನು ಕೇಳಿ, ಪಕ್ಕದ ಮಹಡಿಯಲ್ಲಿ ಬಟ್ಟೆ ಒಗೆಯುವವರನ್ನು ಕೇಳಿ. ಅವರಿಗೆ ಸುಳ್ಳು ಹೇಳಿ ಆಗಬೇಕಾದ್ದು ಏನೂ ಇಲ್ಲ. ಸಂಪಿನ ಮುಚ್ಚಳ ತೆಗೆಸಿ ನೋಡಿ. ಎಷ್ಟು ಮನೆಗೆ ಒಂದು ಸಂಪು, ಮೋಟಾರ್ ಯಾವ ಹೊತ್ತಿಗೆ ಹಾಕುತ್ತಾರೆ, ಕುಡಿಯುವ ನೀರು ಎಲ್ಲಿಂದ ಎಂದು ವಿಚಾರಿಸಿ.

ಮಳೆ ನೀರು ಎಲ್ಲಿಗೆ ಹೋಗುತ್ತೆ?

ಇದು ಮೊದಲನೆಯದರ ಜೋಡಿ ಪ್ರಶ್ನೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಏಣಿನ ಮೇಲೆ ಕೂತ ಊರು. ಬಿದ್ದ ಮಳೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಕಣಿವೆಗಳಿಗೆ ಇಳಿಯುತ್ತದೆ. ಇಳಿಯುವ ದಾರಿಯುದ್ದಕ್ಕೂ ಹಿಂದಿನವರು ಕೆರೆ ಕಟ್ಟಿ, ಒಂದು ತುಂಬಿದರೆ ಕೋಡಿ ಬಿದ್ದು ಇನ್ನೊಂದಕ್ಕೆ ಹೋಗುವಂತೆ ರಾಜಕಾಲುವೆ ತೆಗೆದಿದ್ದರು. ಆ ಕೆರೆಗಳಲ್ಲಿ ಧರ್ಮಾಂಬುಧಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ, ಕೋರಮಂಗಲ ಕೆರೆಯ ಜಾಗದಲ್ಲಿ ನ್ಯಾಷನಲ್ ಗೇಮ್ಸ್ ವಿಲೇಜ್. ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲ. ನೀರಿಗೆ ದಾರಿ ನೆನಪಿರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ಸಾಫ್ಟ್‌ವೇರ್ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2024ರ ಅಕ್ಟೋಬರಿನಲ್ಲಿ ಯಲಹಂಕದ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು.

ಮನೆ ನೋಡಲು ಹೋದಾಗ ಬೀದಿಯ ಕಾಂಪೌಂಡ್ ಗೋಡೆಗಳನ್ನು ನೋಡಿ. ಮೊಣಕಾಲೆತ್ತರಕ್ಕೆ ಒಂದೇ ಮಟ್ಟದಲ್ಲಿ ಮಾಸಿದ ಗೆರೆ ಕಂಡರೆ ಅದು ನೀರು ನಿಂತ ಗುರುತು. ನೆಲಮಹಡಿಯ ಮನೆಗಳು ಬಾಗಿಲಿಗೆ ಅಡ್ಡವಾಗಿ ಸಿಮೆಂಟಿನ ಚಿಕ್ಕ ಕಟ್ಟೆ ಕಟ್ಟಿಕೊಂಡಿದ್ದರೆ, ಯುಪಿಎಸ್ ಬ್ಯಾಟರಿ ಸ್ಟೂಲಿನ ಮೇಲಿದ್ದರೆ, ಬೇಸ್‌ಮೆಂಟಿನಲ್ಲಿ ಪಂಪು ಸದಾ ಸಿದ್ಧವಾಗಿದ್ದರೆ ಅಲ್ಲಿನ ಕತೆ ಯಾರೂ ಹೇಳದೆಯೇ ತಿಳಿಯುತ್ತದೆ. ಸಾಧ್ಯವಾದರೆ ಜೋರು ಮಳೆ ಬಂದ ಮಾರನೇ ದಿನ ಬೆಳಿಗ್ಗೆ ಅದೇ ಬೀದಿಯಲ್ಲಿ ಒಮ್ಮೆ ನಡೆಯಿರಿ.

ದೂರ ಎಂದರೆ ಹೊತ್ತು

ಈ ಊರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಹೇಳುವವರನ್ನು ನಂಬಬೇಡಿ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ದಾಟಲು ಸರಾಸರಿ 34 ನಿಮಿಷ. ಸರಾಸರಿ ಅಂದರೆ ನಡುರಾತ್ರಿಯ ಖಾಲಿ ರಸ್ತೆಯೂ ಅದರಲ್ಲಿ ಸೇರಿದೆ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲೋ ನಿಂತವರ ಲೆಕ್ಕವೇ ಬೇರೆ.

ಆಫೀಸಿನ ಹತ್ತಿರವೇ ಮನೆ ಮಾಡಿ ಎನ್ನುವುದು ಸುಲಭದ ಸಲಹೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಅದು ಉಪಯೋಗಕ್ಕೆ ಬರುವುದಿಲ್ಲ. ನನ್ನ ತಂಗಿಯ ಮಗಳ ಸಂಸಾರವನ್ನೇ ನೋಡಿ. ಒಬ್ಬರು ಊರಿನ ಪೂರ್ವದ ತುದಿಗೆ, ಇನ್ನೊಬ್ಬರು ವಾಯವ್ಯಕ್ಕೆ. ಐಟಿಪಿಎಲ್ ಹತ್ತಿರ ಮನೆ ಮಾಡಿದರೆ ಅವನ ದಿನದಲ್ಲಿ ಮೂರ್ನಾಲ್ಕು ಗಂಟೆ ರಸ್ತೆಗೆ ಹೋಗುತ್ತದೆ. ಕೆಲಸ ನಾಳೆ ಬದಲಾದರೆ ಮತ್ತೆ ಟಾಟಾ ಏಸ್. ಕೊನೆಗೆ ನಾವು ಮೆಟ್ರೊ ನಕ್ಷೆ ಹರಡಿಕೊಂಡು ಕೂತೆವು. 2011ರ ಅಕ್ಟೋಬರಿನಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಓಡಿದ ನೇರಳೆ ಮಾರ್ಗ 2023ರ ಅಕ್ಟೋಬರಿಗೆ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 43 ಕಿ.ಮೀ. ಪೂರ್ತಿಯಾಯಿತು. ಅದರ ಮೇಲೆ ಹೊಸಹಳ್ಳಿ, ವಿಜಯನಗರ. ಅಲ್ಲಿಂದ ಅವಳು ಒಂದೇ ರೈಲಿನಲ್ಲಿ ಕೂತು ಐಟಿಪಿಎಲ್ ಪಕ್ಕದ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬಹುದು. ಅವನು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಪೀಣ್ಯಕ್ಕೆ ಹೋಗಬಹುದು. ಅವಳಿಗೆ ಪ್ರಯಾಣ ಉದ್ದ, ಆದರೆ ಮಳೆ ಬಂದರೂ ಮಂತ್ರಿಗಳು ಬಂದರೂ ಅಷ್ಟೇ ಹೊತ್ತು. ರೈಲಿನಲ್ಲಿ ಕೂರಲು ಜಾಗ ಸಿಕ್ಕಿದ ದಿನ ಕಾದಂಬರಿ ಓದುತ್ತಾಳೆ. ಹೊಸಹಳ್ಳಿಯ ಒಳಗೊಂದು ಹಳೆಯ ಮನೆಯ ಮೊದಲ ಮಹಡಿ ಸಿಕ್ಕಿತು. ಮೊಸಾಯಿಕ್ ನೆಲ, ಚಿಕ್ಕ ಅಡುಗೆಮನೆ, ಕಾವೇರಿ ನೀರು.

ಲೆಕ್ಕ ಹಾಕುವಾಗ ಒಂದನ್ನು ಮರೆಯಬಾರದು. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ದಿನಕ್ಕೆ ಹೋಗಿಬರಲು 180 ಆದರೆ, ತಿಂಗಳಿಗೆ 22 ದಿನಕ್ಕೆ 3,960 ರೂಪಾಯಿ. ಅದು ಬಾಡಿಗೆಯ ಜೊತೆಗೇ ಸೇರಿಸಿಕೊಳ್ಳಬೇಕಾದ ಮೊತ್ತ. ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತ, ಮೆಟ್ರೊಗೆ ಅದು ಅನ್ವಯವಾಗುವುದಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಮನೆ ಹುಡುಕುವಾಗ ಬಸ್ ನಿಲ್ದಾಣದಿಂದ ಎಷ್ಟು ದೂರ ಎಂದೇ ಮೊದಲು ಕೇಳುತ್ತಾರೆ. ಆ ನಿಲ್ದಾಣದಿಂದ ಮನೆವರೆಗಿನ ಕೊನೆಯ ಅರ್ಧ ಕಿ.ಮೀ. ರಾತ್ರಿ ಒಂಬತ್ತಕ್ಕೆ ಹೇಗಿರುತ್ತದೆ, ದೀಪ ಉರಿಯುತ್ತದೆಯೇ, ತೆರೆದ ಅಂಗಡಿ ಇದೆಯೇ, ನಾಯಿಗಳ ಕಾಟ ಎಷ್ಟು, ಇದನ್ನು ಹಗಲಿನಲ್ಲಿ ಮನೆ ನೋಡಿ ಬಂದವರು ತಿಳಿಯಲಾರರು. ಅಡ್ವಾನ್ಸ್ ಕೊಡುವ ಮುಂಚೆ ರಾತ್ರಿ ಹೊತ್ತು ಒಮ್ಮೆ ನಡೆದು ನೋಡಲೇಬೇಕು.

2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಜಯನಗರ, ಬಸವನಗುಡಿಯ ಆಸುಪಾಸಿನಲ್ಲೂ ಮನೆ ಹುಡುಕುವ ಧೈರ್ಯ ಬಂದಿದೆ. ಆದರೆ ಇನ್ನೂ ಕಂಬಗಳಾಗಿ ನಿಂತಿರುವ ಮಾರ್ಗವನ್ನು ತೋರಿಸಿ ‘ಮೆಟ್ರೊ ಬಂದೇಬಿಡ್ತು’ ಎಂದು ಬಾಡಿಗೆ ಏರಿಸುವವರಿಗೆ ಒಪ್ಪಬೇಡಿ. ನಾಳಿನ ರೈಲಿಗೆ ಇವತ್ತಿನ ಸಂಬಳದಿಂದ ದುಡ್ಡು ಕೊಡುವ ಅಗತ್ಯವಿಲ್ಲ.

ಊರಿನ ದಿಕ್ಕು

ಶುಕ್ರವಾರ ರಾತ್ರಿ ಒಂಬತ್ತರ ನಂತರ ಗೊರಗುಂಟೆಪಾಳ್ಯದಲ್ಲಿ ಒಂದು ಗಂಟೆ ನಿಂತು ನೋಡಿ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಬೇಕರಿ ಪೊಟ್ಟಣ, ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡ ಜನ ರಸ್ತೆಯಂಚಿಗೆ ಸಾಲುಗಟ್ಟಿರುತ್ತಾರೆ. ತುಮಕೂರು, ಹಾಸನ, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಎಂದು ಕೂಗುತ್ತ ಬಸ್ಸುಗಳು ನಿಧಾನ ಮಾಡುತ್ತವೆ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಮಂಡ್ಯ, ಮೈಸೂರಿನವರು. ಟಿನ್ ಫ್ಯಾಕ್ಟರಿಯ ಬಳಿ ಕೋಲಾರ, ಮುಳಬಾಗಿಲಿನವರು. ಬೆಂಗಳೂರಿನ ನಕ್ಷೆಯನ್ನು ಒಳನಾಡಿನ ಕನ್ನಡಿಗರು ಹೀಗೆ ತಮ್ಮ ಊರಿನ ರಸ್ತೆಗಳಿಂದಲೇ ಬರೆದುಕೊಂಡಿದ್ದಾರೆ. ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯದ ವಠಾರಗಳಲ್ಲಿ ತುಮಕೂರು, ಹಾಸನ, ಮಂಡ್ಯದ ಮಾತು ಕೇಳಿಸುತ್ತದೆ. ಕೆಲಸ ಪೀಣ್ಯದಲ್ಲಿ, ಹಬ್ಬಕ್ಕೆ ಊರಿಗೆ ಹೊರಟರೆ ನಗರ ದಾಟುವ ತಾಪತ್ರಯವಿಲ್ಲ. ಕೆಂಗೇರಿ, ರಾಜರಾಜೇಶ್ವರಿ ನಗರದ ಕಡೆ ಮೈಸೂರು ಸೀಮೆಯವರು. ವಿಜಯನಗರದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಡುವ ಖಾನಾವಳಿಗಳು, ಕೆಎಎಸ್ ಓದಲು ಬಂದ ಉತ್ತರ ಕರ್ನಾಟಕದ ಹುಡುಗ ಹುಡುಗಿಯರು, ಅವರ ಕೋಚಿಂಗ್ ಸೆಂಟರುಗಳು, ಓದುವ ಕೋಣೆಗಳು.

ಇದನ್ನು ಹಳ್ಳಿಗರ ಹಿಂಜರಿಕೆ ಎಂದು ತಳ್ಳಿಹಾಕುವವರನ್ನು ಕಂಡಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊಸ ಊರಿನಲ್ಲಿ ಮೊದಲ ಬಾರಿ ಜ್ವರ ಬಂದಾಗ, ರಾತ್ರಿ ಅಪ್ಪನಿಗೆ ಎದೆನೋವು ಎಂದು ಊರಿಂದ ಫೋನು ಬಂದಾಗ, ಅದೇ ರಸ್ತೆಯ ಗುಂಟ ಹೊರಟುಬಿಡುವ ಅನುಕೂಲಕ್ಕೆ ಬೆಲೆ ಕಟ್ಟಲಾಗದು. ವಯಸ್ಸಾದ ತಂದೆತಾಯಿಯನ್ನು ಜೊತೆಗಿಟ್ಟುಕೊಳ್ಳುವವರಿಗಂತೂ ಇನ್ನೊಂದು ದಿಕ್ಕೂ ಮುಖ್ಯವಾಗುತ್ತದೆ. ಜಯದೇವ, ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗಳು ಮೂರೂ ಜಯನಗರದ ಆಸುಪಾಸಿಗೇ ಇವೆ. ತಾಯಿಯ ತಪಾಸಣೆಗಾಗಿಯೇ ತಿಲಕನಗರದ ಕಡೆ ಸಣ್ಣ ಮನೆ ಹಿಡಿದು, ತಾವು ದಿನಾ ದೂರದ ಆಫೀಸಿಗೆ ಓಡಾಡುವ ಮಕ್ಕಳನ್ನು ಬಲ್ಲೆ.

ಅಡ್ವಾನ್ಸು, ಲೀಸು, ಮೀಟರು

ದುಡ್ಡಿನ ವಿಷಯಕ್ಕೆ ಬಂದರೆ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕು ಎನ್ನುತ್ತದೆ. ಬಾಡಿಗೆ 25 ಸಾವಿರದ ಮನೆಗೆ ಹತ್ತು ತಿಂಗಳೆಂದರೆ ಎರಡೂವರೆ ಲಕ್ಷ. ಮೊದಲ ಸಂಬಳ ಇನ್ನೂ ಕೈಗೆ ಬಾರದವರು ಅದನ್ನು ಸಾಲ ಮಾಡಿಯೇ ತರಬೇಕು. ಚೌಕಾಸಿ ಮಾಡಿ. ಐದಾರು ತಿಂಗಳಿಗೆ ಇಳಿಸಲು ಒಪ್ಪುವ ಮಾಲೀಕರು ಈಗ ಬಹಳ ಇದ್ದಾರೆ. ಮನೆ ಬಿಡುವಾಗ ಪೇಂಟಿಂಗ್ ಅಂತ ಎಷ್ಟು ಹಿಡಿದುಕೊಳ್ಳುತ್ತಾರೆ, ಅಡ್ವಾನ್ಸ್ ವಾಪಸ್ ಕೊಡುವುದು ಎಷ್ಟು ದಿನದೊಳಗೆ, 11 ತಿಂಗಳಾದ ಮೇಲೆ ಶೇಕಡ ಎಷ್ಟು ಏರಿಸುತ್ತಾರೆ, ಈ ಮೂರನ್ನು ಬಾಯಿಮಾತಿಗೆ ಬಿಡದೆ ಅಗ್ರಿಮೆಂಟಿನಲ್ಲಿ ಬರೆಸಿ.

ವಠಾರದ ಮನೆಗಳಲ್ಲಿ ಕರೆಂಟ್ ಮೀಟರ್ ಪ್ರತ್ಯೇಕ ಇದೆಯೇ ನೋಡಿ. ಗೃಹಜ್ಯೋತಿಯ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ನಿಮ್ಮ ಮನೆಗೆ ಬೆಸ್ಕಾಂನ ಬೇರೆ ಆರ್‌ಆರ್ ನಂಬರ್ ಇರಬೇಕು. ಒಂದೇ ಮೀಟರಿಗೆ ಸಬ್‌ಮೀಟರ್ ಹಾಕಿ ಯೂನಿಟ್ಟಿಗೆ ಇಷ್ಟು ಎಂದು ಮಾಲೀಕರೇ ವಸೂಲು ಮಾಡುವ ಮನೆಯಲ್ಲಿ ಆ ಅನುಕೂಲ ನಿಮಗೆ ತಲುಪುವುದಿಲ್ಲ.

ಲೀಸ್ ಬಗ್ಗೆ ಒಂದು ಎಚ್ಚರಿಕೆ. ಒಂದೇ ಸಲಕ್ಕೆ ಹತ್ತೋ ಹದಿನೈದೋ ಲಕ್ಷ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುವ ಪದ್ಧತಿ ಹೊಸಬರಿಗೆ ಬಹಳ ಲಾಭದ್ದಾಗಿ ಕಾಣುತ್ತದೆ. ಊರಿನ ಜಮೀನು ಮಾರಿದ ದುಡ್ಡು ಹೀಗೆ ಹೋಗಿ ಸಿಕ್ಕಿಕೊಂಡ ಕುಟುಂಬಗಳ ಕಣ್ಣೀರು ಕಂಡಿದ್ದೇನೆ. ಮನೆ ಬ್ಯಾಂಕಿಗೆ ಅಡವಿದ್ದರೆ, ಮಾಲೀಕರು ಕಂತು ಕಟ್ಟದೆ ಹೋದರೆ, ಬ್ಯಾಂಕಿನವರು ನೋಟಿಸ್ ಅಂಟಿಸುವುದು ನೀವು ಮಲಗಿರುವ ಮನೆಯ ಬಾಗಿಲಿಗೆ. ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸದೆ, ಮಾಲೀಕರನ್ನೇ ಮುಖಾಮುಖಿ ಕಾಣದೆ, ಕರಾರನ್ನು ನೋಂದಣಿ ಮಾಡಿಸದೆ ಲೀಸಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಏರಿಯಾ ಇನ್ನೂ ಪರಿಚಯವಿಲ್ಲದ ಮೊದಲ ವರ್ಷವಂತೂ ಲೀಸ್ ಬೇಡವೇ ಬೇಡ. ಹನ್ನೊಂದು ತಿಂಗಳು ಬಾಡಿಗೆಗೆ ಇದ್ದು, ಒಂದು ಬೇಸಿಗೆ, ಒಂದು ಮಳೆಗಾಲ ಕಳೆದು ನೋಡಿ.

‘ನೀವು ಯಾವ ಜನ?’

ಇಷ್ಟೆಲ್ಲ ನೋಡಿ, ನೀರು ಸರಿಯಿದ್ದು, ಬಸ್ಸು ಹತ್ತಿರವಿದ್ದು, ಅಡ್ವಾನ್ಸ್ ಹೊಂದಿಸಿಕೊಂಡು ಬಂದ ಮೇಲೂ ಎಷ್ಟೋ ಜನರಿಗೆ ಏರಿಯಾ ಆರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ‘ನೀವು ಯಾವ ಜನ?’, ‘ನಾನ್‌ವೆಜ್ ಮಾಡ್ತೀರಾ?’, ‘ಪೂರ್ತಿ ಹೆಸರು ಹೇಳಿ.’ ಒಳ್ಳೆಯ ರಸ್ತೆ, ಒಳ್ಳೆಯ ನೀರು, ಮರದ ನೆರಳಿರುವ ಹಳೆಯ ಬಡಾವಣೆಗಳಲ್ಲೇ ಈ ಪ್ರಶ್ನೆ ಹೆಚ್ಚು. ದಲಿತರಿಗೆ, ಮುಸ್ಲಿಮರಿಗೆ, ಒಂಟಿ ಹೆಣ್ಣುಮಕ್ಕಳಿಗೆ, ಈಶಾನ್ಯ ರಾಜ್ಯಗಳಿಂದ ಬಂದವರಿಗೆ ಟು ಲೆಟ್ ಬೋರ್ಡು ನೇತಾಡುತ್ತಿರುವಾಗಲೇ ‘ಈಗಷ್ಟೇ ಬೇರೆಯವರಿಗೆ ಕೊಟ್ಟಾಯ್ತು’ ಎನ್ನುವ ಉತ್ತರ ಸಿಗುತ್ತದೆ. ಕಲಬುರಗಿಯಿಂದ ಬಂದ ಉಪನ್ಯಾಸಕ ಮಿತ್ರರೊಬ್ಬರು ಫೋನಿನಲ್ಲಿ ಮಾತಾಡುವಾಗ ಅವರ ಅಚ್ಚುಕಟ್ಟಾದ ಕನ್ನಡ ಕೇಳಿ ‘ಬನ್ನಿ ಸಾರ್, ಮನೆ ನಿಮ್ಗೇ’ ಎಂದ ಮಾಲೀಕರು, ಮನೆಗೆ ಹೋಗಿ ಹೆಸರು ಹೇಳಿದ ಮೇಲೆ ಬೀಗದ ಕೈ ಸಿಗುತ್ತಿಲ್ಲ ಎಂದರು. ಮಿತ್ರರ ಜೊತೆಗೆ ನಾನೂ ಇದ್ದೆ. ಮೆಟ್ಟಿಲಿಳಿಯುವಾಗ ಅವರು ಒಂದು ಮಾತೂ ಆಡಲಿಲ್ಲ. ಮಾರನೇ ದಿನದಿಂದ ಅವರು ಫೋನಿನಲ್ಲೇ ಮೊದಲು ಹೆಸರು ಹೇಳಲು ಶುರುಮಾಡಿದರು.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿ ಧರ್ಮದ ಹೆಸರಿನಲ್ಲಿ ತಡೆಯಕೂಡದು ಎಂದು ಬಿಡಿಸಿ ಹೇಳುತ್ತದೆ. ಬಾಡಿಗೆ ಮನೆಯ ಬಾಗಿಲು ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಈ ಅವಮಾನಕ್ಕೆ ದೂರು ಕೊಡಲು ಸುಲಭದ ದಾರಿಯಿಲ್ಲ. ಹೀಗೆ ತಳ್ಳಿಸಿಕೊಂಡವರು ತಮ್ಮವರೇ ಇರುವ ಬೀದಿಗೆ ಹೋಗುತ್ತಾರೆ. ಅಲ್ಲಿ ಚರಂಡಿ ಇರುವುದಿಲ್ಲ, ಬಾಡಿಗೆ ಮಾತ್ರ ಕಡಿಮೆಯಿರುವುದಿಲ್ಲ.

ಇದನ್ನು ಓದುವವರಲ್ಲಿ ಮನೆ ಮಾಲೀಕರೂ ಇದ್ದೀರಿ. ಮಹಡಿ ಮೇಲೊಂದು ಮನೆ ಕಟ್ಟಿಸಿ ಅದರ ಬಾಡಿಗೆಯಲ್ಲೇ ನಿವೃತ್ತ ಜೀವನ ನಡೆಸುತ್ತಿರುವವರು, ಬಾಡಿಗೆದಾರರಿಂದ ನಿಜಕ್ಕೂ ತೊಂದರೆ ಅನುಭವಿಸಿದವರು ಇದ್ದೀರಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಕೆಲಸ ಎಲ್ಲಿ, ಮನೆಯಲ್ಲಿ ಎಷ್ಟು ಜನ, ಬಾಡಿಗೆ ಎಷ್ಟನೇ ತಾರೀಖಿಗೆ ಕೊಡುತ್ತೀರಿ, ಹಿಂದಿನ ಮಾಲೀಕರ ನಂಬರ್ ಕೊಡುತ್ತೀರಾ ಎಂದು ಧಾರಾಳವಾಗಿ ಕೇಳಿ. ಗುರುತಿನ ಚೀಟಿ ತೆಗೆದುಕೊಳ್ಳಿ, ಅಗ್ರಿಮೆಂಟ್ ಮಾಡಿಸಿ. ಅವರು ಯಾವ ಜನ, ಒಲೆಯ ಮೇಲೆ ಏನು ಬೇಯಿಸುತ್ತಾರೆ ಎಂಬ ಪ್ರಶ್ನೆಗಳನ್ನು ಮಾತ್ರ ಈ ವರ್ಷದಿಂದ ಬಿಟ್ಟುಬಿಡಿ. ಮೇ ತಿಂಗಳು ಬಂತೆಂದರೆ ಟು ಲೆಟ್ ಬೋರ್ಡು ನೋಡಿಕೊಂಡು ನಿಮ್ಮ ಬೀದಿಗೂ ಯಾರೋ ಬರುತ್ತಾರೆ.